ಕೊಳ್ಳುವವನ ಮಾತು

ಯೋಗಾರ್ಥಕ್ಕಿಂತ ರೂಢ್ಯರ್ಥವೇ ಬಲವತ್ತರವೆಂದು ಶಾಬ್ದಿಕರು ಹೇಳುವುದುಂಟು. ಈ ನಿಯಮವನ್ನು ಈಗಿನ ವರ್ತಕನು ಹಣ ತೆತ್ತು ಕಲಿಯುತ್ತಿರುವನು. ಅಂಗಡಿಯ ಹಲಗೆಯ ಮೇಲೆ ‘ಪಾದರಕ್ಷೆ’ಯೆಂದು ಬರೆದಿದ್ದರೂ ಗಿರಾಕಿಯು ಕೇಳುವುದು ಚಪ್ಪಲಿಯನ್ನೇ. ಅಂತರ್ಜಾಲದ ಶೋಧಯಂತ್ರವಾದರೋ ಗಿರಾಕಿಯು ಬರೆದ ಶಬ್ದವನ್ನು ಹಿಡಿದೇ ಜಾಹೀರಾತನ್ನು ಮುಂದಿಡುವುದು.

ಇಂತಹ ಶಬ್ದಗಳನ್ನು ೧೯೯೮ರಲ್ಲಿ ಅಮೆರಿಕೆಯ ಗೋಟೂ ಎಂಬ ಸಂಸ್ಥೆಯು ಹರಾಜಿಗಿಟ್ಟಿತು. ೨೦೦೦ದಲ್ಲಿ ಗೂಗಲಿನ ಆಡ್‌ವರ್ಡ್ಸ್ ಬಂದಿತು. ಜಾಹೀರಾತನ್ನು ಒತ್ತಿದವನು ಸರಕನ್ನು ಕೊಳ್ಳಲಿ ಬಿಡಲಿ, ಒತ್ತಿದುದಕ್ಕೆ ವರ್ತಕನು ಹಣ ತೆರಬೇಕು. ಆದುದರಿಂದ ಶಬ್ದಪರೀಕ್ಷೆಗೆ ಉಪಕರಣಗಳು ಬೇಕಾದುವು. ೨೦೧೩ರಲ್ಲಿ ಗೂಗಲು ಹೊರತಂದ ಕೀವರ್ಡ್ ಪ್ಲಾನರ್ ಎಂಬುದು, ಒಂದು ಶಬ್ದವನ್ನು ತಿಂಗಳಿಗೆ ಸುಮಾರು ಎಷ್ಟು ಸಲ ಹುಡುಕುವರು, ಅದಕ್ಕೆ ಸ್ಪರ್ಧೆಯೆಷ್ಟು, ಹರಾಜಿನ ಬೆಲೆ ಎಷ್ಟರಿಂದ ಎಷ್ಟರವರೆಗೆ ಎಂಬುದನ್ನು ತಿಳಿಸುವುದು.

ಆದರೆ ಉಪಕರಣವು ಸಂಖ್ಯೆಯನ್ನು ಹೇಳುವುದಲ್ಲದೆ ತಾತ್ಪರ್ಯವನ್ನು ಹೇಳದು. ಹೊಸ ಚಪ್ಪಲಿಯನ್ನು ಕೊಳ್ಳುವವನೂ ಹರಿದುದನ್ನು ಹೊಲಿಸುವವನೂ ಹುಡುಕುವುದು ಚಪ್ಪಲಿಯೆಂದೇ. ಎರಡನೆಯವನಿಗಾಗಿ ಹಣ ಪೋಲಾಗದಂತೆ ‘ಹೊಲಿಗೆ’ ಮುಂತಾದ ವರ್ಜ್ಯಪದಗಳ ಪಟ್ಟಿಯನ್ನು ವರ್ತಕನೇ ಸಿದ್ಧಪಡಿಸಬೇಕು. ಅಲ್ಪ ಬಂಡವಾಳದವನಿಗೆ ಇದು ಅಳಿವು ಉಳಿವಿನ ಮಾತು. ಗದ್ದುಗೆಯ ಮೇಲೆ ಕುಳಿತು ಗಿರಾಕಿಯ ನುಡಿಯನ್ನು ಕಿವಿಗೊಟ್ಟು ಕೇಳಿದವನಿಗೆ ಆ ಅಂಕಿಗಳು ದಾರಿ ತೋರುವುವು. ಕೇಳದವನಿಗೆ ಅವು ಬರಿಯ ಅಂಕಿಗಳು.