ಹಿತ್ತಲ ಕಾವಲು

ಏಪ್ರಿಲ್ ತಿಂಗಳು, ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸದ್ದಾಗದಂತೆ ಅಗುಳಿ ತೆಗೆದು ಹಿತ್ತಲ ಮೆಟ್ಟಿಲ ಮೇಲೆ ಕೂತುಕೊಳ್ಳಿ. ಬಚ್ಚಲೊಲೆಯ ಹೊಗೆ ಹಂಚಿನ ಸಂದಿಯಿಂದ ಎದ್ದು ಅಡಕೆ ಮರಗಳ ನಡುವೆ ನಿಂತಿದೆ. ಕಾಫಿ ಲೋಟ ಕೈಯಲ್ಲಿರಲಿ, ಮಾತು ಬೇಡ.

ಮೊದಲು ದನಿ ತೆಗೆಯುವುದು ಮಡಿವಾಳ ಹಕ್ಕಿ. ಬಟ್ಟೆ ಒಣಹಾಕುವ ಗಳದ ತುದಿಯಲ್ಲಿ ಬಾಲ ನಿಮಿರಿಸಿ ಕೂತ ಗಂಡು, ಕಪ್ಪು ಬಿಳುಪು ಬಣ್ಣ ಕಣ್ಣಿಗೆ ಕಾಣುವ ಮೊದಲೇ ಹಾಡು ಶುರುಮಾಡಿರುತ್ತದೆ. ಇದು ಮರಿ ಮಾಡುವ ಕಾಲ. ಈ ಹಿತ್ತಲು ತನ್ನದು ಎಂದು ಪಕ್ಕದ ಹಿತ್ತಲಿನ ಗಂಡಿಗೆ ಹೇಳುತ್ತಿದೆ. ಅದು ಅಲ್ಲಿಂದಲೇ ಉತ್ತರ ಕೊಡುತ್ತಿದೆ. ಬೆಳಕು ಏರಿದಂತೆ ಹಲಸಿನ ಮರದೊಳಗಿಂದ ಕುಟ್ರು ಹಕ್ಕಿಯ 'ಕುಟ್ರೂ ಕುಟ್ರೂ'. ಒಂದು ನಿಲ್ಲಿಸಿದರೆ ಇನ್ನೊಂದು ಎತ್ತಿಕೊಳ್ಳುತ್ತದೆ. ಮೈ ಬಹುಪಾಲು ಎಲೆಹಸಿರಾದ್ದರಿಂದ ಎಷ್ಟು ಹುಡುಕಿದರೂ ಕಾಣುವುದಿಲ್ಲ. ಅಗೋ, ಆ ಒಣಕೊಂಬೆಯ ದುಂಡನೆಯ ತೂತಿನಿಂದ ತಲೆ ಹೊರಬಂತಲ್ಲ, ಅದೇ. ಮೆತ್ತಗಾದ ಮರವನ್ನು ಕೊಕ್ಕಿನಿಂದ ತಾನೇ ಕೊರೆದು ಮಾಡಿಕೊಂಡ ಮನೆ ಅದು.

ಬಚ್ಚಲ ನೀರು ಹರಿದುಹೋಗುವ ಕಡೆ ಬಾಳೆಯ ಹಿಂಡಿಲಿದೆಯಲ್ಲ, ಅಲ್ಲಿಗೆ ಕಣ್ಣು ಹಾಕಿ. ಬಾಳೆಹೂವಿಗೆ ತಲೆಕೆಳಗಾಗಿ ಜೋತುಬಿದ್ದು ಮಕರಂದ ಹೀರುತ್ತಿರುವುದು ಸೂರಕ್ಕಿ. ಅದನ್ನು ಓಡಿಸಿ ಅದೇ ಹೂವಿಗೆ ಮೂತಿ ಹಾಕಿದ್ದು ಬೆನ್ನಮೇಲೆ ಮೂರು ಗೆರೆಯ ನಮ್ಮ ಅಳಿಲು. ರಾಮ ಸವರಿದ ಬೆರಳಿನ ಗುರುತು ಎಂದು ಅಜ್ಜಿಯರು ಹೇಳುವ ಆ ಗೆರೆಗಳು ಉತ್ತರ ಭಾರತದ ಅಳಿಲಿಗೆ ಐದು. ಅದು ಬೇರೆಯದೇ ಜಾತಿ.

ಇಷ್ಟರಲ್ಲಿ ಹಲಸಿನ ಮರದ ನೆತ್ತಿ ಅಲುಗುತ್ತದೆ. ಗಾಳಿಯಲ್ಲ, ಕೆಂದಳಿಲು. ಮೂಗಿನಿಂದ ಬಾಲದ ತುದಿಗೆ ಸುಮಾರು ಮೂರಡಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಹಿಂಗಾಲಿನಲ್ಲಿ ಕೊಂಬೆ ಹಿಡಿದು, ಬಾಲವನ್ನು ಆಚೆ ಇಳಿಬಿಟ್ಟು ತೂಕ ಸರಿಮಾಡಿಕೊಂಡು ಹಲಸನ್ನು ಬಗೆಯುತ್ತಿದೆ. ಸಿಪ್ಪೆ ನಿಮ್ಮ ಕಾಲ ಬಳಿ ಬೀಳುತ್ತದೆ. ಅದು ಮಾತ್ರ ನೆಲಕ್ಕೆ ಇಳಿಯುವುದು ತೀರ ಅಪರೂಪ. ಹಿಂದಿನ ಸೊಪ್ಪಿನ ಬೆಟ್ಟದಿಂದ ಈ ಹಲಸಿನವರೆಗೆ ಮರಕ್ಕೆ ಮರ ತಾಗಿಕೊಂಡಿರುವುದರಿಂದಲೇ ಅದು ಇಲ್ಲಿಗೆ ಬಂದದ್ದು. ಇಪ್ಪತ್ತು ಅಡಿಯನ್ನು ಒಂದೇ ನೆಗೆತಕ್ಕೆ ದಾಟಬಲ್ಲದು. ನಡುವಿನ ಮರಗಳನ್ನೆಲ್ಲ ಕಡಿದು ರಸ್ತೆ ಅಗಲ ಮಾಡಿದರೆ ದಾಟಲಾರದು.

ಆಗ ಮೂರು ಗೆರೆಯ ಅಳಿಲು ಕೂಗತೊಡಗುತ್ತದೆ. ಚಿಕ್, ಚಿಕ್, ಚಿಕ್. ಒಂದೊಂದು ಕೂಗಿಗೂ ಬಾಲ ಮೇಲಕ್ಕೆ ಚಿಮ್ಮುತ್ತದೆ. ಸೂರಕ್ಕಿ ಮಾಯ. ಕುಟ್ರು ಹಕ್ಕಿ ಅರ್ಧಕ್ಕೇ ನಿಲ್ಲಿಸಿತು. ತರಗೆಲೆ ಕೆದಕುತ್ತಿದ್ದ ಹರಟೆಮಲ್ಲಗಳ ಗುಂಪು ಒಟ್ಟಾಗಿ ಕಿರುಚುತ್ತ ದಾಸವಾಳದ ಗಿಡದ ಕಡೆ ನುಗ್ಗುತ್ತದೆ. ಅಲ್ಲಿ ಕೆಮ್ಮೀಸೆ ಪಿಕಳಾರದ ಗೂಡಿದೆ, ಗೂಡಿನಲ್ಲಿ ಕಣ್ಣು ಬಿಡದ ಮರಿಗಳಿವೆ. ಗಿಡದ ಬುಡದಲ್ಲಿ ಕೇರೆ ಹಾವು ತಲೆ ಎತ್ತಿದೆ. ಪಿಕಳಾರಗಳೆರಡೂ ರೆಕ್ಕೆ ಬಡಿದು ಅದರ ತಲೆಯ ಮೇಲೇ ಸುಳಿಯುತ್ತವೆ. ಬಾಲಕ್ಕೆ ಎರಡು ತಂತಿ ಕಟ್ಟಿಕೊಂಡಂತಿರುವ ಕಾಜಾಣ ಎಲ್ಲಿಂದಲೋ ಬಂತು. ಬೇರೆ ಹಕ್ಕಿಗಳ ಎಚ್ಚರಿಕೆಯ ಕೂಗನ್ನೂ ಅನುಕರಿಸುವ ಹಕ್ಕಿ ಅದು. ನೀವೂ ಎದ್ದು ನಿಂತಿದ್ದೀರಿ. ಎದ್ದದ್ದು ಸಾಕು, ಕೋಲು ಎತ್ತಬೇಡಿ. ಇಷ್ಟು ಬಾಯಿಗಳ ನಡುವೆ ಗುಟ್ಟಾಗಿ ಬೇಟೆಯಾಡಲು ಆಗದೆ ಕೇರೆ ಮೆಲ್ಲನೆ ಹಿಂದೆಗೆದು ಕಲ್ಲುಗೋಡೆಯ ಸಂದಿಗೆ ಇಳಿಯುತ್ತದೆ.

ಚಿತ್ರದುರ್ಗದ ಕಡೆಯ ಮಧ್ಯಾಹ್ನಕ್ಕೆ ಹೋದರೆ ಮರ ಕಡಿಮೆ, ಬಿಸಿಲು ಹೆಚ್ಚು. ಬೇವಿನ ನೆರಳಲ್ಲಿ ಅಳಿಲು ಹೊಟ್ಟೆಯನ್ನು ತಣ್ಣನೆಯ ಬಂಡೆಗೆ ಒತ್ತಿ ಕಾಲು ಚಾಚಿ ಮಲಗಿದೆ. ದನಗಳ ಬಾನಿಯ ಅಂಚಿನಲ್ಲಿ ಗುಬ್ಬಿ, ಬೆಳವ, ಗೊರವಂಕ. ಇಲ್ಲಿ ನೀರೇ ಸಂತೆ ಕೂಡಿಸುತ್ತದೆ. ಆದರೆ ಆ ಅಳಿಲು ತಟ್ಟನೆ ಎದ್ದು ಅದೇ 'ಚಿಕ್' ಎಂದರೆ ಸಾಕು, ಬಾನಿ ಕ್ಷಣದಲ್ಲಿ ಖಾಲಿ. ತಲೆ ಎತ್ತಿ ನೋಡಿ: ಬೇವಿನ ಮರದ ಆಚೆಯಿಂದ ಗಿಡುಗ ತೇಲಿ ಬರುತ್ತಿದೆ.

ಈಗ ಬಹಳ ದೂರ. ಅಕ್ಟೋಬರ್, ನ್ಯೂಜೆರ್ಸಿಯ ಎಡಿಸನ್, ಮಗಳ ಮನೆ. ಹಿಂದಿನ ಮರದ ಜಗಲಿಯ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದೀರಿ. ಓಕ್ ಮರದ ಕಾಯಿ ಟಪ್ಪೆಂದು ಉದುರುತ್ತಿದೆ. ಮೆಟ್ಟಿಲ ಕೆಳಗಿನಿಂದ ಪುಟ್ಟದೊಂದು ಪ್ರಾಣಿ ಹೊರಬಂದಾಗ "ಅಯ್ಯೋ, ನಮ್ಮ ಅಳಿಲು!" ಎಂದು ಬಾಯಿಗೆ ಬಂದೇ ಬರುತ್ತದೆ. ಅಲ್ಲ, ಅದು ಚಿಪ್‌ಮಂಕ್. ಗೆರೆಗಳು ಬೆನ್ನಿಗೇ ಮುಗಿಯದೆ ಕೆನ್ನೆಯ ಮೇಲೂ ಇವೆ, ನೋಡಿ. ಆ ಕೆನ್ನೆಯೊಳಗೆ ಚೀಲವಿದೆ. ಒಂದು ಕಾಯಿ, ಇನ್ನೊಂದು, ಮತ್ತೂ ಒಂದು. ಕೆನ್ನೆಗಳು ತಲೆಗಿಂತ ಅಗಲವಾಗಿ ಉಬ್ಬುವವರೆಗೆ ತುಂಬಿಕೊಂಡು ಬಿಲಕ್ಕೆ ಓಡುತ್ತದೆ. ಹಿಮ ಬಿದ್ದ ಮೇಲೆ ಅಲ್ಲೇ ನಿದ್ದೆ. ಕೆಲವು ದಿನಕ್ಕೊಮ್ಮೆ ಎದ್ದು, ಕೂಡಿಟ್ಟದ್ದನ್ನು ತಿಂದು, ಮತ್ತೆ ಮಲಗುತ್ತದೆ. ಹುಲ್ಲಿನ ಮೇಲೆ ಓಡಾಡುವ ದಪ್ಪ ಬೂದು ಅಳಿಲಿನ ಲೆಕ್ಕ ಬೇರೆ: ಒಂದೊಂದು ಕಾಯಿಯನ್ನು ಒಂದೊಂದು ಕಡೆ ಹೂತಿಡುತ್ತದೆ. ತೆಗೆಯದೆ ಉಳಿದದ್ದು ಮೊಳೆತು ಓಕ್ ಗಿಡವಾಗುತ್ತದೆ.

ಬೇಸಿಗೆಯಲ್ಲಿ ಸಕ್ಕರೆ ನೀರು ಕುಡಿಯಲು ಬರುತ್ತಿದ್ದ ಹಮ್ಮಿಂಗ್‌ಬರ್ಡ್ ಆಗಲೇ ದಕ್ಷಿಣಕ್ಕೆ ಹೋಗಿದೆ. ಉರಿಗೆಂಪಿನ ಕಾರ್ಡಿನಲ್ ಹಕ್ಕಿ ಎಲ್ಲಿಗೂ ಹೋಗುವುದಿಲ್ಲ, ಹಿಮದಲ್ಲೂ ಇಲ್ಲೇ. ಕಾಳಿನ ಡಬ್ಬಿಗೆ ಬಂದ ಮುಷ್ಟಿಯಷ್ಟೂ ಇಲ್ಲದ ಚಿಕಡೀ ಈಗ ಕೂಗಿತು: 'ಚಿಕ-ಡೀ-ಡೀ-ಡೀ'. ಅಪಾಯ ಹೆಚ್ಚಾದಷ್ಟೂ ಕೊನೆಯ 'ಡೀ'ಗಳು ಹೆಚ್ಚುತ್ತವೆ. ಚಿಪ್‌ಮಂಕ್ ಕಲ್ಲಾಗಿ ನಿಂತಿತು. ಅದಕ್ಕೂ ಎರಡು ಬಗೆಯ ಕೂಗಿದೆ: ಬೆಕ್ಕು ನರಿ ಕಂಡರೆ ಕೀರಲು 'ಚಿಪ್', ಆಕಾಶದಲ್ಲಿ ಗಿಡುಗ ಕಂಡರೆ ತಗ್ಗಿದ 'ಚಕ್'. ಒಹಾಯೊದಲ್ಲಿ ವಿಜ್ಞಾನಿಗಳು ಬೂದು ಅಳಿಲುಗಳಿಗೆ ಗಿಡುಗದ ಕೂಗು ಕೇಳಿಸಿ ಹೆದರಿಸಿದರು. ಆಮೇಲೆ ಹಕ್ಕಿಗಳ ನೆಮ್ಮದಿಯ ಚಿಲಿಪಿಲಿ ಕೇಳಿಸಿಕೊಂಡ ಅಳಿಲುಗಳು ಬೇಗ ನಿರಾಳವಾದವು ಎಂದು 2019ರಲ್ಲಿ ಪ್ರಕಟಿಸಿದರು. ಭಯವನ್ನಷ್ಟೇ ಅಲ್ಲ, ಕ್ಷೇಮವನ್ನೂ ಅವು ಪರಸ್ಪರರ ದನಿಯಿಂದ ತಿಳಿಯುತ್ತವೆ. ಭಯ ಹೀಗೆ ದನಿಯಿಂದ ದನಿಗೆ ಹಬ್ಬುವುದನ್ನು ತೀರ್ಥಹಳ್ಳಿಯ ಮೆಟ್ಟಿಲ ಮೇಲೆ ನೀವೇ ಕಂಡಿರಿ.

ಈ ಕಾವಲು ನಡೆಯಬೇಕಾದರೆ ಕಾವಲುಗಾರರು ಬದುಕಿರಬೇಕು. ಅಮೆರಿಕದಲ್ಲಿ ಬೆಕ್ಕುಗಳೇ ವರ್ಷಕ್ಕೆ ಕನಿಷ್ಠ 130 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಒಂದು ಅಧ್ಯಯನ ಅಂದಾಜು ಮಾಡಿತು. ಮನೆಯ ಬೆಕ್ಕನ್ನು ಮುಂಜಾನೆ ಹೊರಗೆ ಬಿಡಬೇಡಿ. ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಬೇಡಿ, ಒಂದು ಮೂಲೆಯ ತರಗೆಲೆ ಗುಡಿಸದೆ ಬಿಡಿ. ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನಾ ಬದಲಿಸಿ. ಮನೆಯ ಮೇಲೆ ಬೀಳುವಂತಿಲ್ಲದಿದ್ದರೆ ಒಣಕೊಂಬೆ ಕಡಿಸಬೇಡಿ. ಕುಟ್ರು ಹಕ್ಕಿ ಗೂಡು ಕೊರೆಯುವುದು ಅಂಥದ್ದರಲ್ಲೇ.