ಡ್ಯಾಶ್‌ಬೋರ್ಡಿನ ಮೇಲೆ ಹಳದಿ, ಕೆಂಪು

2023ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ 'ಕರ್ನಾಟಕ' ಎಂದು ಹೆಸರಾಗಿ ಐವತ್ತು ವರ್ಷ ತುಂಬಿತು. ಮಸ್ಕತ್ತಿನಲ್ಲಿರುವ ನಮಗೂ ಆ ಸಡಗರ. ರಜಾದಿನ ನೋಡಿಕೊಂಡು 3ನೇ ತಾರೀಖು ಶುಕ್ರವಾರ ಕಾರ್ಯಕ್ರಮವಿಟ್ಟುಕೊಂಡೆವು. ನನ್ನ ಕನ್ನಡ ತರಗತಿಯ ಮಕ್ಕಳು ಥರ್ಮೋಕೋಲಿನಲ್ಲಿ ಆಳೆತ್ತರದ ಕರ್ನಾಟಕದ ನಕಾಶೆ ಕತ್ತರಿಸಿದರು. ಎಣ್ಣೆಬಣ್ಣ ಹಚ್ಚಿದರೆ ಥರ್ಮೋಕೋಲ್ ಕರಗಿಹೋಗುತ್ತದೆಂದು ನಾನೇ ಹೇಳಿ, ನಕಾಶೆಗೆ ನೀರಿನಲ್ಲಿ ಕಲೆಸುವ ಹಳದಿ ಅಕ್ರಿಲಿಕ್, ಮರದ ಚೌಕಟ್ಟಿಗೆ ಮಾತ್ರ ಕೆಂಪು ಎನಾಮೆಲ್ ತರಿಸಿದ್ದೆ.

ಗುರುವಾರ ಮಧ್ಯಾಹ್ನ ಎಲ್ಲವನ್ನೂ ಸಭಾಂಗಣಕ್ಕೆ ಸಾಗಿಸಬೇಕಿತ್ತು. ಚೌಕಟ್ಟು ಬೇರೆ ಗಾಡಿಯಲ್ಲಿ ಹೋಯಿತು. ನನ್ನ ಕಾರಿನಲ್ಲಿ ಮೂವರು ಮಕ್ಕಳು. ಮುಂದಿನ ಸೀಟಿನಲ್ಲಿ ಕುಳಿತ ಎಂಟನೇ ತರಗತಿಯ ಹುಡುಗನ ತೊಡೆಯ ಮೇಲೆ ಎರಡು ಡಬ್ಬಿ. ವೃತ್ತದ ಬಳಿ ಯಾರೋ ಅಡ್ಡ ಬಂದರು, ನಾನು ಬ್ರೇಕ್ ಒತ್ತಿದೆ. ಮುಚ್ಚಳಗಳೆರಡೂ ಹಾರಿದವು. ಹಳದಿ ಮುಂದಿನ ಗ್ಲೋವ್ ಬಾಕ್ಸಿಗೆ, ಬಾಗಿಲಿಗೆ. ಕೆಂಪು ಗೇರಿನ ಸುತ್ತಲಿನ ಕಪ್ಪು ಪ್ಲಾಸ್ಟಿಕ್ಕಿಗೆ. ಹುಡುಗನ ಸಮವಸ್ತ್ರವಂತೂ ಅಕ್ಷರಶಃ ರಾಜ್ಯೋತ್ಸವವಾಗಿತ್ತು.

"ಒಂದು ಡಬ್ಬಿ ಹಿಡಿಯಲೂ ಬರುವುದಿಲ್ಲವೇ ನಿನಗೆ?" ಎಂದೆ. ಅಷ್ಟೇ ಅಲ್ಲ, ಇನ್ನೂ ಏನೇನೋ ಅಂದೆ. ಹಿಂದೆ ಕುಳಿತಿದ್ದ ಇಬ್ಬರೂ ಕೇಳಿಸಿಕೊಂಡರು. ಅವನು ತಲೆ ತಗ್ಗಿಸಿದ, ಬಾಯಿ ಬಿಡಲಿಲ್ಲ.

ಅಂದು ರಾತ್ರಿ ಕಾರಿನೊಳಗೆ ದೀಪ ಹಾಕಿಕೊಂಡು ಕೂತೆ. ಹಳದಿ ಅಷ್ಟೇನೂ ಕಾಡಲಿಲ್ಲ. ಬೆಚ್ಚಗಿನ ಸೋಪುನೀರಿನ ಬಟ್ಟೆಯನ್ನು ಐದು ನಿಮಿಷ ಮೇಲೆ ಹಾಸಿಟ್ಟು ತೆಗೆದರೆ ಹಾಲಿನ ಕೆನೆಯಂತೆ ಉಗುರಿಗೆ ಎದ್ದು ಬಂತು. ಕೆಂಪು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಮೇಲೆ ಹೋಗಿ ಉಗುರುಬಣ್ಣ ತೆಗೆಯುವ ದ್ರವ ತಂದೆ. ಹತ್ತಿಯಲ್ಲಿ ಎರಡು ಸಲ ಉಜ್ಜಿದ್ದೇ ತಡ, ಹತ್ತಿ ಕೆಂಪಾಯಿತು. ಮೂರನೇ ಸಲ ಕಪ್ಪಾಯಿತು! ಬಣ್ಣದ ಜೊತೆ ಪ್ಲಾಸ್ಟಿಕ್ಕೇ ಕರಗಿ ಬರುತ್ತಿತ್ತು. ಮುಟ್ಟಿದರೆ ಬೆಲ್ಲದ ಪಾಕದಂತೆ ಅಂಟು. ಥರ್ಮೋಕೋಲ್ ಕರಗುತ್ತದೆಂದು ಮಕ್ಕಳಿಗೆ ಪಾಠ ಹೇಳಿದವಳಿಗೆ, ಅದೂ ಪ್ಲಾಸ್ಟಿಕ್ಕೇ, ಇದೂ ಪ್ಲಾಸ್ಟಿಕ್ಕೇ ಎಂದು ಹೊಳೆದಿರಲಿಲ್ಲ.

ಶನಿವಾರ ಆ ಹುಡುಗನ ತಂದೆ ಮಗನನ್ನು ಕರೆದುಕೊಂಡು ಮನೆಗೇ ಬಂದರು. ಮಂಗಳೂರಿನ ಕಡೆಯವರು, ವಾದಿ ಕಬೀರಿನ ಗ್ಯಾರೇಜೊಂದರಲ್ಲಿ ಪೇಂಟಿಂಗ್ ಕೆಲಸ. "ಮಗ ಮಾಡಿದ್ದಕ್ಕೆ ಬೇಜಾರು ಮಾಡ್ಬೇಡಿ ಟೀಚರೇ" ಎನ್ನುತ್ತಲೇ ಕಾರಿನೊಳಗೆ ಬಗ್ಗಿದರು. "ಇದೆಂತ ಮಾಡಿದ್ದು ಮಾರಾಯ್ರೆ! ಉಗುರಿನದ್ದು ಹಾಕಿದ್ರಾ? ಅದರಲ್ಲಿ ಅಸಿಟೋನ್ ಉಂಟಲ್ಲ."

ಗೇರಿನ ಸುತ್ತಲಿನ ತುಂಡನ್ನು ಬಿಡಿಸಿ ಮಗುಚಿದರು. ಹಿಂಬದಿಯಲ್ಲಿ ಸಣ್ಣಗೆ 'ಎಬಿಎಸ್' ಎಂದು ಅಚ್ಚಾಗಿತ್ತು. ಗ್ಲೋವ್ ಬಾಕ್ಸಿನ ಒಳಗೆ 'ಪಿಪಿ', ಅಂದರೆ ಪಾಲಿಪ್ರೊಪಿಲೀನ್. ಪಿಪಿಗೆ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ, ಅದಕ್ಕೇ ಹಳದಿ ಎದ್ದು ಬಂದಿದ್ದು. ಎಬಿಎಸ್‌ಗೆ ಅಸಿಟೋನ್, ಥಿನ್ನರ್ ಎರಡೂ ಶತ್ರು. ಹತ್ತು ವರ್ಷದಿಂದ ಕಾರು ಓಡಿಸುವ ನಾನು ಹೀಗೊಂದು ಬರಹ ಅಲ್ಲಿದೆ ಎಂದು ಕಂಡವಳೇ ಅಲ್ಲ.

ಅವರು ತಂದಿದ್ದು ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್. ಕಾರನ್ನು ನೆರಳಿಗೆ ತಂದು ನಾಲ್ಕೂ ಬಾಗಿಲು ತೆಗೆಸಿದರು. ಬೇಗ ಹೊತ್ತಿಕೊಳ್ಳುವ ವಸ್ತು, ಹತ್ತಿರ ಬೆಂಕಿ ಕೂಡದು. ಮೊದಲು ಕಣ್ಣಿಗೆ ಬೀಳದ ಅಂಚಿನಲ್ಲಿ ಒರೆಸಿ ನೋಡಿದರು. ಪ್ಲಾಸ್ಟಿಕ್ ಬಣ್ಣ ಬಿಡಲಿಲ್ಲ. ಆಮೇಲೆ ಬಟ್ಟೆಯನ್ನಷ್ಟೇ ಒದ್ದೆ ಮಾಡಿ ಕೆಂಪಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿದು, ಒಂದೇ ದಿಕ್ಕಿಗೆ ಒರೆಸಿದರು. ಪ್ರತಿ ಸಲವೂ ಬಟ್ಟೆಯ ಹೊಸ ಮಡಿಕೆ. ಎನಾಮೆಲ್ ಎರಡೇ ದಿನದ್ದು, ಪೂರ್ತಿ ಗಟ್ಟಿಯಾಗಿರಲಿಲ್ಲ. ಮೆತ್ತಗಾದ ಅಂಚನ್ನು ಹಳೆಯ ಎಟಿಎಂ ಕಾರ್ಡಿನಿಂದ ಎಬ್ಬಿಸಿದರು. ಗೀರುಗಳೊಳಗೆ ಕೂತಿದ್ದಕ್ಕೆ ಮೆತ್ತನೆಯ ಹಲ್ಲುಜ್ಜುವ ಬ್ರಷ್. ಮೀಟರಿನ ಮುಂದಿನ ಪಾರದರ್ಶಕ ಹಾಳೆಯ ಮೇಲೂ ಎರಡು ಹಳದಿ ಹನಿಗಳಿದ್ದವು. ಅಲ್ಲಿಗೆ ಆಲ್ಕೋಹಾಲೂ ಬೇಡವೆಂದರು, ಕೂದಲೆಳೆಯಂಥ ಬಿರುಕು ಬೀಳಬಹುದಂತೆ. ಅದಕ್ಕೆ ಸೋಪುನೀರೇ. ಒಂದೂವರೆ ಗಂಟೆ ಹಿಡಿಯಿತು. ಚಹಾ ಕೊಟ್ಟರೂ ಮಧ್ಯೆ ಕೈ ಬಿಡಲಿಲ್ಲ.

ಸೀಟಿನ ಕೆಳಗೆ ಒರೆಸುತ್ತಿದ್ದ ನನ್ನ ಕೈಗೆ ಎರಡು ಮುಚ್ಚಳಗಳು ಸಿಕ್ಕವು. ಅಂಚಿನ ತುಂಬ ಒಣಗಿದ ಬಣ್ಣದ ದಪ್ಪ ಬಳೆ. ಅಂಥ ಮುಚ್ಚಳ ಗುದ್ದದೆ ಕೂರುವುದಿಲ್ಲ. ಆಗ ನೆನಪಾಯಿತು: ಕೊನೆಗೆ ಬೀದರಿನ ತುದಿ, ಚೌಕಟ್ಟಿನ ಮೂಲೆ ತಿದ್ದಿದವಳು ನಾನು. ಅಷ್ಟರಲ್ಲಿ ಫೋನ್ ಬಂತೆಂದು ಮುಚ್ಚಳಗಳನ್ನು ಸುಮ್ಮನೆ ಮೇಲಿಟ್ಟವಳೂ ನಾನೇ.

ಹುಡುಗನನ್ನು ಪಕ್ಕಕ್ಕೆ ಕರೆದೆ. "ನಿನಗೆ ಗೊತ್ತಿತ್ತಾ?"

"ನೀವು ಇಟ್ಟಿದ್ದು ನೋಡಿದ್ದೆ ಮಿಸ್."

"ಮತ್ತೆ ಯಾಕೋ ಹೇಳಲಿಲ್ಲ?"

"ಹೇಳಿದ್ರೆ ಎದುರುತ್ತರ ಕೊಡ್ತೀಯಾ ಅಂತೀರಿ."

ಹೌದು, ಅನ್ನುತ್ತೇನೆ. ತರಗತಿಯಲ್ಲಿ ನಾನು ಆಗಾಗ ಆಡುವ ಮಾತೇ ಅದು.

ಅಲ್ಲೇ ಅವನ ತಂದೆಯೆದುರು ತಪ್ಪು ನನ್ನದೆಂದು ಹೇಳಿದೆ. ಅವರು "ಇರ್ಲಿ ಬಿಡಿ ಟೀಚರೇ" ಎಂದು ನಕ್ಕರು. ಹುಡುಗ ನಗಲಿಲ್ಲ. ಹಿಂದಿನ ಸೀಟಿನ ಇಬ್ಬರೂ ಕೇಳಿಸಿಕೊಳ್ಳಬೇಕಿತ್ತಲ್ಲ! ಭಾನುವಾರ ತರಗತಿಯಲ್ಲಿ ಎಲ್ಲರ ಮುಂದೆ ಇನ್ನೊಮ್ಮೆ ಹೇಳಿದೆ. ನಾಲ್ಕೇ ವಾಕ್ಯ, ಬಿ.ಎಡ್. ಪಾಠಾಭ್ಯಾಸದ ಮೊದಲ ದಿನವೂ ನನ್ನ ಗಂಟಲು ಅಷ್ಟು ಒಣಗಿರಲಿಲ್ಲ. ಈ ಲೇಖನಕ್ಕೂ ಅವನ ಅನುಮತಿ ಕೇಳಿದ್ದೇನೆ. "ಹೆಸರು ಹಾಕ್ಬೇಡಿ ಮಿಸ್" ಎಂದಿದ್ದಾನೆ.

ಗೇರಿನ ಪಕ್ಕ ನಾನು ಕರಗಿಸಿದ ಜಾಗ ರೂಪಾಯಿ ನಾಣ್ಯದಷ್ಟಗಲ ಇನ್ನೂ ಮಂಕಾಗಿಯೇ ಇದೆ. ಆ ತುಂಡನ್ನು ಬದಲಾಯಿಸಿಲ್ಲ. ಮರುವರ್ಷದ ರಾಜ್ಯೋತ್ಸವಕ್ಕೂ ಬಣ್ಣದ ಡಬ್ಬಿಗಳು ನನ್ನ ಕಾರಿನಲ್ಲೇ ಹೋದವು. ಹುಡುಗ ಮುಂದೆ ಕುಳಿತು ಎರಡೂ ಮುಚ್ಚಳಗಳನ್ನು ಅಂಗೈಯಿಂದ ಗುದ್ದಿದ. "ಮಿಸ್, ನೀವೂ ಒಂದ್ಸಲ ನೋಡಿ" ಎಂದು ನನ್ನತ್ತ ಹಿಡಿದ. ನಾನೂ ಗುದ್ದಿದೆ.