ತೆಳುಗೆರೆಯ ಕನ್ನಡ ಅಕ್ಷರ

ಮೈಸೂರಿನಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಿಂದ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯವು ಕಾಪಿಟ್ಟಿರುವಂಥ ಓಲೆಗರಿಗಳನ್ನು ನೋಡಿದವರಿಗೆ, ಕನ್ನಡ ಅಕ್ಷರದ ಹುಟ್ಟುಗುಣವೇ ತೆಳುವೆಂಬುದು ಕೂಡಲೇ ಮನದಟ್ಟಾಗುತ್ತದೆ. ಕಂಟವೆಂಬ ಲೋಹದ ಮೊನೆಯಿಂದ ಗರಿಯನ್ನು ಗೀರಿ, ಗೀರಿಗೆ ಮಸಿ ತೀಡಿ ಸಿದ್ಧಗೊಳಿಸುತ್ತಿದ್ದ ಆ ಬರಹದಲ್ಲಿ ಗೆರೆ ದಪ್ಪವಾಗುವುದಕ್ಕೆ ಎಡೆಯೇ ಇರಲಿಲ್ಲವಾದ್ದರಿಂದ, ಅಕ್ಷರದ ಚೆಲುವೆಲ್ಲವೂ ದುಂಡನ್ನು ತಿರುಗಿಸಿದ ನಯದಲ್ಲಿ ಮತ್ತು ಅದರೊಳಗೆ ಬಿಟ್ಟ ಬಯಲಿನಲ್ಲಿ ನೆಲೆಸಿತ್ತು.

ಅಚ್ಚುಮೊಳೆ ಬಂದಾಗ ಈ ಗುಣವನ್ನು ಉಳಿಸಿಕೊಳ್ಳುವುದು ಕಷ್ಟವಾಯಿತು. ಸೀಸದ ಮಿಶ್ರಲೋಹದ ಮೊಳೆಯಲ್ಲಿ ಕೂದಲೆಳೆಯಂಥ ಗೆರೆ ಯಂತ್ರದ ಒತ್ತಡಕ್ಕೆ ಬೇಗ ಸವೆಯುತ್ತಿತ್ತು. ಅಗ್ಗದ ಕಾಗದದ ಮೇಲೆ ಮಸಿ ಹರಡಿ, ಧಕಾರದ ಸೀಳಿದ ಹೊಟ್ಟೆ ಮುಚ್ಚಿಹೋಗಿ ಅದು ದಕಾರದಂತೆ ಕಾಣುವುದೂ ಇತ್ತು. ಅಚ್ಚಿನ ರೋಮನ್ ಅಕ್ಷರಗಳಲ್ಲಿ ಗೆರೆಯ ತುದಿಗೆ ಚಾಚಿಕೊಂಡಿರುವ ಕಿರುಗೆರೆಗೆ ಸೆರಿಫ್ ಎಂದು ಹೆಸರು. ಕನ್ನಡದಲ್ಲಿ ಅದಕ್ಕೆ ಸಮನಾದದ್ದನ್ನು ಹುಡುಕುವುದಾದರೆ ತಲೆಕಟ್ಟನ್ನೇ ಹೇಳಬೇಕು. ಆದರೆ ರೋಮನ್ ಸೆರಿಫನ್ನು ತೆಗೆದರೂ ಅಕ್ಷರ ಉಳಿಯುತ್ತದೆ, ತಲೆಕಟ್ಟಾದರೋ ಅಕ್ಷರದ ಅಂಗವೇ ಆಗಿದ್ದು, ಕಕಾರ ಕಿಕಾರವಾದಾಗ ಗುಡಿಸಿಗೆ ಎಡೆಗೊಡುತ್ತದೆ, ಬ, ಣ, ಲಗಳಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಗಣಕಯಂತ್ರದ ಅಕ್ಷರಕ್ಕೆ ಸವೆತವಿಲ್ಲ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ 'ನೋಟೋ ಸೆರಿಫ್ ಕನ್ನಡ'ದಲ್ಲಿ ಗೆರೆಯ ದಪ್ಪವನ್ನು, ಅಂದರೆ ತೂಕವನ್ನು, 100ರಿಂದ 900ರವರೆಗೆ ಬದಲಿಸಬಹುದು. 400 ಸಾಧಾರಣ ತೂಕವಾದರೆ, 300ನ್ನು 'ಲೈಟ್' ಎನ್ನುತ್ತಾರೆ. ದಪ್ಪ ಮತ್ತು ತೆಳುವಿನ ಏರಿಳಿತವನ್ನು ಬಿಡದೆ ಹಗುರಾಗಿರುವ ಈ ರೂಪದಲ್ಲಿ ದುಂಡಿನ ಒಳಬಯಲು ತೆರೆದುಕೊಂಡು, ಪುಟಕ್ಕೆ ಬೆಳದಿಂಗಳಿನಂಥ ತಿಳಿಬಣ್ಣ ಬರುತ್ತದೆ. ಕನ್ನಡಕ್ಕೆ ಇದಕ್ಕಿಂತ ಒಪ್ಪುವ ಉಡುಗೆ ಅಪರೂಪವೆಂದೇ ಹೇಳಬೇಕು.

ಆದರೂ ಅದನ್ನು ಎಲ್ಲೆಡೆ ಬಳಸಲಾಗದು. ಒತ್ತಕ್ಷರವು ಸಾಲಿನ ಕೆಳಗೆ ಕಿರಿದಾಗಿ ಕೂರುವುದರಿಂದ ಮೂಲಾಕ್ಷರ ಓದಲು ಬರುವ ಅಳತೆಯಲ್ಲಿಯೂ ಒತ್ತು ಮಸುಕಾಗಬಹುದು. 'ರಾಷ್ಟ್ರ' ಎಂಬಲ್ಲಿ ಎರಡು ಒತ್ತುಗಳು ಒಟ್ಟಿಗೆ ಬರುವುದರಿಂದ ಈ ತೊಡಕು ಇನ್ನೂ ಹೆಚ್ಚು. ಪತ್ರಿಕೆಯ ಸುದ್ದಿಗೆ, ಮಕ್ಕಳ ಪಠ್ಯಕ್ಕೆ, ಅಡಿಟಿಪ್ಪಣಿಗೆ ಸಾಧಾರಣ ತೂಕವೇ ಲೇಸು. ತೆಳುಗೆರೆಯ ನಿಜವಾದ ನೆಲೆಗಳೆಂದರೆ ಗ್ರಂಥದ ಮುಖಪುಟ, ಮದುವೆಯ ಕರೆಯೋಲೆ, ಎಲ್ಲಕ್ಕಿಂತ ಮಿಗಿಲಾಗಿ ಕವಿತೆ. ಏಕೆಂದರೆ ಕವಿತೆಯ ಪುಟದಲ್ಲಿ ಬಿಳಿಯ ಜಾಗ ಮೊದಲೇ ಉಂಟು, ಓದುಗನಿಗೂ ಅವಸರವಿಲ್ಲ. ಅಲ್ಲಿ ಅಕ್ಷರವನ್ನು 14 ಪಾಯಿಂಟಿಗೆ ಏರಿಸಿ (ಪಾಯಿಂಟ್ ಎಂದರೆ ಅಂಗುಲದ 72ನೆಯ ಒಂದು ಭಾಗ), ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರವನ್ನು ಧಾರಾಳವಾಗಿ ಬಿಟ್ಟರೆ, ಒಂದೊಂದು ಕೊಂಬು, ಒಂದೊಂದು ಏತ್ವವೂ ತನ್ನ ಪೂರ್ಣ ತಿರುವಿನೊಡನೆ ಕಾಣುತ್ತದೆ.